ಹತ್ತಕ್ಕೆ ಒಂಬತ್ತು

ಎಲ್ಲಕ್ಕೂ ಮೂಲ ಬ್ರದರಣ್ಣನ ಬಿಳಿ ಕೋಟಿನ ಬಲಗಂಕುಳು. ಬೆಳಿಗ್ಗೆ ಈರುಳ್ಳಿ ಸಾಹುಕಾರನನ್ನು ಮಂಚದ ಮೇಲೆ ಎತ್ತಿ ಕೂರಿಸುವಾಗ ಅದು ಪರ್ರೆಂದು ಬಿಟ್ಟುಕೊಂಡಿತು. ಸಾಹುಕಾರ ಕಾಲು ಮುರಿದುಕೊಂಡು ಬಂದವನು. ಮುರಿದದ್ದು ಒಂದೇ ಕಾಲು, ಆದರೆ ಎತ್ತಬೇಕಾದ್ದು ಇಡೀ ಸಾಹುಕಾರನನ್ನು. ಅವನು ಎದ್ದು ಕೂತ ಮೇಲೆ ಕಂಕುಳಿನ ಕಿಂಡಿಯನ್ನು ಇಣುಕಿ ನೋಡಿ, ಗಾಳಿ ಚೆನ್ನಾಗಿ ಆಡುತ್ತೆ ಬಿಡಿ ಅಂದ.

ಗಂಡಸರ ವಾರ್ಡಿನ ನರ್ಸು ತಾನೂ ಗಂಡಸಾದ್ದರಿಂದ ಅವನಿಗೆ ಬ್ರದರ್ ಎಂದು ಹೆಸರು. ಅದು ಯಾವ ಸೀಮೆಯ ನೆಂಟಸ್ತನವೋ ಎಂದು ಅನುಮಾನ ಬಂದವರು, ಮರ್ಯಾದೆಗೆ ಇರಲಿ ಎಂದು ಹಿಂದೊಂದು ಅಣ್ಣ ಸೇರಿಸಿ ಬ್ರದರಣ್ಣ ಮಾಡಿದ್ದರು. ಹೀಗೆ ಎರಡೆರಡು ಸಲ ಅಣ್ಣನಾದವನಿಗೆ ಕೆಲಸವೂ ಎರಡೆರಡು ಪಾಳಿ. ನಿನ್ನೆ ಸಂಜೆ ಮನೆಗೆ ಹೋಗಬೇಕಾದವನು, ಬದಲಿ ಬರಲಿಲ್ಲವೆಂದು ಇವತ್ತು ಬೆಳಿಗ್ಗೆಯೂ ಇಲ್ಲೇ ಇದ್ದ. ಅವನ ಕಣ್ಣು ನೋಡಿದ ಹೊಸ ರೋಗಿಗಳು ತಮ್ಮ ಕಾಯಿಲೆ ಮರೆತು, ನಿಮಗೇನಾಗಿದೆ ಅಂತ ಕೇಳುತ್ತಿದ್ದರು. ಅವನ ಬೀದಿಯ ನಾಯಿ ಹಾಲಿನವನಿಗೆ ಬಾಲ ಅಲ್ಲಾಡಿಸುತ್ತಿತ್ತು, ಅಂಚೆಯವನಿಗೆ ಬಾಲ ಅಲ್ಲಾಡಿಸುತ್ತಿತ್ತು, ಬಾಡಿಗೆ ಕೊಡುವ ಇವನನ್ನು ಕಂಡರೆ ಮಾತ್ರ ಬೊಗಳುತ್ತಿತ್ತು. ಅದರ ತಪ್ಪೇನಿಲ್ಲ. ಮುಖ ಪರಿಚಯ ಆಗಲು ಮುಖ ಮನೆಗೆ ಬರಬೇಕು.

ಇವತ್ತು ಆ ನಾಯಿಯ ಜೊತೆಗಿನ ಸಂಬಂಧ ಸರಿಹೋಗುವ ದಿನ. ಕೆಳಗಡೆ ಕಣ್ಣಿನ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಸ್ವರ್ಗ ಎಂಬುದು ಇದ್ದರೆ ಅದರ ನೆಲಮಹಡಿಯಲ್ಲಿ ಕಣ್ಣಿನ ವಿಭಾಗ ಇರಲೇಬೇಕು. ಬೆಳಿಗ್ಗೆ ಬಾಗಿಲು ತೆಗೆಯುವುದು, ಕಣ್ಣಿಗೆ ಹನಿ ಹಾಕುವುದು, ಸಂಜೆ ಬಾಗಿಲು ಹಾಕುವುದು. ಯಾರನ್ನೂ ಎತ್ತಿ ಕೂರಿಸುವಂತಿಲ್ಲ. ಅಲ್ಲಿಗೆ ಬಂದವರು ತಾವಾಗಿಯೇ ನಡೆದು ಬರುತ್ತಾರೆ, ಗೋಡೆಗೆ ಸ್ವಲ್ಪ ತಾಗಿಕೊಂಡು ಬಂದರೂ ನಡೆದೇ ಬರುತ್ತಾರೆ.

ಆ ಜಾಗವನ್ನು ಕೊಡುವವರು ಮೇಲಿನ ಕಚೇರಿಯ ಮೇಡಂ. ಅವರು ಹೊಸದೊಂದು ಪದ್ಧತಿ ತಂದಿದ್ದರು. ರೋಗಿಗೆ ಬರೀ ಮಾತ್ರೆ ಕೊಟ್ಟರೆ ಸಾಲದು, ಅವನ ಮನಸ್ಸಿನ ಭಾರವನ್ನೂ ನರ್ಸು ಅಳೆಯಬೇಕು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಅವನ ಕಣ್ಣಿನ ಮಟ್ಟಕ್ಕೆ ಕೂರಬೇಕು. ಸೊನ್ನೆಯಿಂದ ಹತ್ತರವರೆಗೆ ಭಾರ ಎಷ್ಟಿದೆ ಎಂದು ಕೇಳಬೇಕು. ಬಾಯಿ ಹೇಳಿದ್ದನ್ನಷ್ಟೇ ನಂಬದೆ ಕೈ ನೋಡಬೇಕು, ನಿದ್ದೆ ಊಟ ವಿಚಾರಿಸಬೇಕು. ಹೆದರಬೇಡಿ ಅನ್ನಬಾರದು, ಯಾತರ ಹೆದರಿಕೆ ಎಂದು ಕೇಳಿ ಸುಮ್ಮನೆ ಕಿವಿಗೊಡಬೇಕು. ಕೊನೆಗೆ, ಹಿಂದೆ ಕಷ್ಟ ಬಂದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಅದನ್ನು ಇಲ್ಲಿ ಮಾಡಿಸಲು ಆಗುತ್ತದೆಯೇ ನೋಡಬೇಕು. ಇದನ್ನೆಲ್ಲ ಯಾವ ನರ್ಸು ಚೆನ್ನಾಗಿ ಮಾಡಿ ತೋರಿಸುತ್ತಾರೋ ಅವರಿಗೆ ಕಣ್ಣಿನ ವಿಭಾಗ.

ಪದ್ಧತಿಯಲ್ಲಿ ತಪ್ಪೇನೂ ಇರಲಿಲ್ಲ. ಕೂರಲು ಸ್ಟೂಲು ಕೊಟ್ಟವರು ಕೂರಲು ಹೊತ್ತು ಕೊಡುವುದನ್ನು ಮರೆತಿದ್ದರು, ಅಷ್ಟೆ. ಮೇಲಿನವರಿಗೆ ಸುಸ್ತಿನ ಅನುಭವ ಆಗುವುದು ಸುಸ್ತಿನ ಬಗ್ಗೆ ಸಭೆ ನಡೆಸಿದಾಗ ಮಾತ್ರ.

"ನೋಡಪ್ಪಾ, ಮೇಡಂ ಮಧ್ಯಾಹ್ನದ ಒಳಗೆ ಬರ್ತಾರೆ," ಅಂದಳು ದೊಡ್ಡ ಸಿಸ್ಟರು. ವಾರ್ಡಿನ ಯಜಮಾನಿಕೆ ಅವಳದು. ದಿನಾ ಬೆಳಿಗ್ಗೆ ಒಂದು ಲೋಟ ಚಹಾ ತರಿಸಿ ಮೇಜಿನ ಮೇಲೆ ಇಡುತ್ತಿದ್ದಳು, ಅದರ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ನೊಣ ಕೂತು, ಸಂಜೆ ಆಯಾ ಬಂದು ಚೆಲ್ಲುತ್ತಿದ್ದಳು. ಅವಳು ಅದನ್ನು ಕುಡಿದದ್ದನ್ನು ಯಾರೂ ಕಂಡಿರಲಿಲ್ಲ. "ನಾನು ಮುಂಬಾಗಿಲಲ್ಲಿ ಅವರ ಕಾರಿಗೆ ಕಾಯ್ತೀನಿ. ನೀನು ಒಬ್ಬ ರೋಗಿಯನ್ನ ಸಿದ್ಧ ಮಾಡಿಟ್ಕೋ. ಚೆನ್ನಾಗಿ ಭಾರ ಇರೋನಾಗಿರ್ಲಿ. ಮತ್ತೆ, ಈ ಹರಿದ ಕೋಟಲ್ಲಿ ಅವರ ಕಣ್ಣಿಗೆ ಬಿದ್ದೀಯ, ಜೋಕೆ."

ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸಿದಳು. ಇವತ್ತು ಸಂಜೆಗೂ ಬದಲಿ ಬರುವುದು ಕಷ್ಟವಂತೆ.

ಬ್ರದರಣ್ಣ ಕಂಕುಳನ್ನು ಒತ್ತಿ ಹಿಡಿದು ಸ್ಟೂಲು ಎತ್ತಿಕೊಂಡ. ಮೊದಲು ಹೋದದ್ದು ಮೂಲೆಯ ಮೇಷ್ಟ್ರ ಹತ್ತಿರ. ಮೇಷ್ಟ್ರು ನಿವೃತ್ತರು, ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮಲಗಿದ್ದರು. ತೆಗೆದ ಕಲ್ಲನ್ನು ಡಬ್ಬಿಯಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ಪಾಠ ಮಾಡುತ್ತಿದ್ದರು. ಮನಸ್ಸಿನ ಭಾರ ಹತ್ತಕ್ಕೆ ಎಷ್ಟು ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ ನಾಲ್ಕು ಅಂದರು. ಮಾತೇನೋ ಸಲೀಸಾಗಿ ಬರುತ್ತದೆ, ಬರಹ ಸಾಲದು, ಇನ್ನೂ ಪರಿಶ್ರಮ ಬೇಕು ಅಂದರು.

"ನಾನು ಕೇಳಿದ್ದು ನಿಮ್ಮ ಮನಸ್ಸಿನ ಬಗ್ಗೆ, ಮೇಷ್ಟ್ರೇ."

"ಯಾರದ್ದಾದ್ರೂ ಆಗ್ಲಿ. ನನ್ನ ಸರ್ವೀಸಲ್ಲಿ ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟೋನಲ್ಲ. ನಾಚಿಕೆ ಇರೋ ಮನುಷ್ಯ ಹತ್ತು ಕೇಳೋದೂ ಇಲ್ಲ."

ಈ ಮಾತು ಪಕ್ಕದ ಮಂಚದ ಈರುಳ್ಳಿ ಸಾಹುಕಾರನ ಕಿವಿಗೆ ಬಿತ್ತು. ಮೇಷ್ಟ್ರಿಗೆ ನಾಲ್ಕಾದರೆ ತನಗೆ ಎಂಟು ಬರೆದುಕೊಳ್ಳಬೇಕು ಅಂದ. ಬೆಳಿಗ್ಗೆಯಿಂದ ನಕ್ಕುನಕ್ಕು ಮಾತಾಡುತ್ತಿದ್ದೀರಲ್ಲ ಎಂದು ಬ್ರದರಣ್ಣ ಅನುಮಾನಿಸಿದ್ದಕ್ಕೆ, ಸಾಹುಕಾರ ಏಳಕ್ಕೆ ಇಳಿದ. ಆರೂವರೆಗೆ ಮುಗಿಸೋಣ, ನೀವೂ ಬದುಕಬೇಕು ನಾನೂ ಬದುಕಬೇಕು ಅಂದ. ಎಷ್ಟು ಭಾರ ಹೇಳಿದರೆ ಎಷ್ಟು ಮೊಟ್ಟೆ ಜಾಸ್ತಿ ಕೊಡುತ್ತಾರೆ ಎಂದು ಮೆಲ್ಲಗೆ ವಿಚಾರಿಸಿದ. ಮೊಟ್ಟೆಯ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಸೊನ್ನೆ ಎಂದವರು ಐದಕ್ಕೆ ಹತ್ತಿದರು, ಐದೆಂದವರು ಎಂಟಕ್ಕೆ. ನೋಡುನೋಡುತ್ತ ಇಡೀ ವಾರ್ಡು ಸಂತೆಯ ಕೊನೆಯ ಗಳಿಗೆಯಂತಾಯಿತು.

ನಿಜವಾದ ಭಾರ ಇದ್ದದ್ದು ಕಿಟಕಿ ಪಕ್ಕದ ಮಂಚದಲ್ಲಿ. ಅಲ್ಲಿದ್ದ ಮುದುಕ ದರ್ಜಿ. ಹರ್ನಿಯಾ ಆಪರೇಷನ್ನಿಗೆ ಬಂದವನು. ಚಾಕು ಎಂದು ನೆನೆದರೆ ಸಾಕು, ಅವನ ಬಿಪಿ ಹಾಲಿನಂತೆ ಉಕ್ಕುತ್ತಿತ್ತು. ಆಗಲೇ ಎರಡು ಸಲ ಮುಂದೂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಇಳಿಯದಿದ್ದರೆ ಮನೆಗೆ ಕಳಿಸಿಬಿಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಭಾರ ಎಷ್ಟು ಎಂದು ಕೇಳಿದ್ದಕ್ಕೆ ದರ್ಜಿ, ನಂದೇನಿಲ್ಲ ತಮ್ಮಾ, ಸೊನ್ನೆ ಅಂದ. ಬಾಯಿ ಸೊನ್ನೆ ಅನ್ನುತ್ತಿತ್ತು, ಬೆರಳುಗಳು ಹೊದಿಕೆಯ ಅಂಚನ್ನು ಮಡಿಸಿ ಮಡಿಸಿ ಚಿವುಟುತ್ತಿದ್ದವು. ಹೊದಿಕೆಯ ಒಂದು ಬದಿ ಆಗಲೇ ಮುದುಡಿಹೋಗಿತ್ತು.

ಬ್ರದರಣ್ಣ ಬೆರಳು ನೋಡಿದ. ಸ್ಟೂಲು ಹಾಕಿ ಕೂತ. ಯಾತರ ಹೆದರಿಕೆ ಯಜಮಾನ್ರೇ ಎಂದು ಕೇಳಿ ಬಾಯಿ ಮುಚ್ಚಿಕೊಂಡ. ಬಾಯಿ ಮುಚ್ಚಿಕೊಳ್ಳುವುದು ಅವನಿಗೆ ಕಷ್ಟವೇನಲ್ಲ, ತೆರೆಯಲೂ ಶಕ್ತಿ ಇರಲಿಲ್ಲ. ಹೊದಿಕೆಯ ಅಂಚನ್ನು ಇನ್ನೆರಡು ಸಲ ಮಡಿಸಿ ಮುದುಕ ಮಾತಾಡಿದ.

"ಹುಡುಗನಾಗಿದ್ದಾಗಿಂದ ಕತ್ತರಿ ಹಿಡಿದೋನು ನಾನು. ಕತ್ತರಿ ತಪ್ಪೋದು ಎಷ್ಟು ಸುಲಭ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಪಕ್ಕದೋನು ಏನೋ ಕೇಳ್ತಾನೆ, ಹೂಂ ಅಂತೀವಿ, ಅಷ್ಟರಲ್ಲಿ ತೋಳು ಗಿಡ್ಡ ಆಗಿರುತ್ತೆ. ನಾನಾದ್ರೆ ಗಿರಾಕಿಗೆ ಇದೇ ಈಗಿನ ಫ್ಯಾಷನ್ನು ಅಂತೀನಿ. ಡಾಕ್ಟರು ಏನಂತಾರೆ?"

ಇದಕ್ಕೆ ಬ್ರದರಣ್ಣ ಏನು ಹೇಳುತ್ತಿದ್ದನೋ, ವಾರ್ಡು ಬಿಡಲಿಲ್ಲ. ಈರುಳ್ಳಿ ಸಾಹುಕಾರ ಧೈರ್ಯ ತುಂಬಲು ತನ್ನ ಷಡ್ಡಕನ ಕತೆ ತೆಗೆದ. ಷಡ್ಡಕನಿಗೂ ಇದೇ ಹರ್ನಿಯಾ, ಇದೇ ಆಪರೇಷನ್ನು. ಒಂಚೂರೂ ನೋವಾಗಲಿಲ್ಲವಂತೆ. ಈಗ ಎಲ್ಲಿದ್ದಾನೆ ಎಂದು ದರ್ಜಿ ಆಸೆಯಿಂದ ಕೇಳಿದ. ಸಾಹುಕಾರ ತಡವರಿಸಿ, ಹೋಗಿದ್ದು ಹರ್ನಿಯಾದಿಂದ ಅಲ್ಲ ಬಿಡಿ, ಆಮೇಲೆ ಅದೇನೋ ಬೇರೆ ಆಯಿತು ಅಂದ. ಮೇಷ್ಟ್ರು ಮೂಲೆಯಿಂದ, ಹುಟ್ಟಿದವನಿಗೆ ಸಾವು ತಪ್ಪಿದ್ದಲ್ಲ ಎಂಬ ವಿಷಯದ ಮೇಲೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಬ್ರದರಣ್ಣ ದರ್ಜಿಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ. ಬೆಳಿಗ್ಗೆಗಿಂತ ಏರಿತ್ತು.

ಆಗ ಅವನು ಉಸಿರಿನ ಉಪಾಯ ತೆಗೆದ. ಮೂಗಿನಲ್ಲಿ ಮೆಲ್ಲಗೆ ಎಳೆದುಕೊಳ್ಳಿ, ಬಾಯಲ್ಲಿ ಅದಕ್ಕಿಂತ ಮೆಲ್ಲಗೆ ಬಿಡಿ. ದರ್ಜಿಗೆ ಹೇಳಿದ್ದನ್ನು ಇಡೀ ವಾರ್ಡು ಮಾಡಿತು, ಪುಕ್ಕಟೆ ಸಿಕ್ಕಿದ್ದನ್ನು ಬಿಡುವವರು ಯಾರು? ಮೇಷ್ಟ್ರು ಎಳಿ, ಬಿಡು ಎಂದು ಡ್ರಿಲ್ ಮಾಡಿಸತೊಡಗಿದರು. ಸಾಹುಕಾರನಿಗೆ ಮೆಲ್ಲಗೆ ಎಂಬ ಪದ ಕೇಳಿಸಿರಲಿಲ್ಲ. ಕುಲುಮೆಯ ತಿದಿಯಂತೆ ಎಳೆದು ಬಿಟ್ಟು ಎಳೆದು ಬಿಟ್ಟು, ತಲೆ ತಿರುಗಿ ಮಂಚದಿಂದ ಅರ್ಧ ಜಾರಿದ. ಬ್ರದರಣ್ಣ ಓಡಿಹೋಗಿ ಅವನ ಕಂಕುಳಿಗೆ ಕೈಹಾಕಿ ಮತ್ತೆ ಎತ್ತಿದ. ಬೆಳಿಗ್ಗೆ ಬಿಟ್ಟಿದ್ದ ಹೊಲಿಗೆ ಈಗ ಸೊಂಟದವರೆಗೆ ಬಿಟ್ಟಿತು. ಕೋಟಿನ ಬಲಭಾಗ ಗಾಳಿಗೆ ಸಿಕ್ಕ ಬಾಳೆಯೆಲೆಯಂತೆ ತೂಗಾಡಿತು.

ಸ್ಟೂಲಿಗೆ ವಾಪಸು ಬಂದಾಗ ಅವನ ಹತ್ತಿರ ಉಳಿದದ್ದು ಒಂದೇ ಪ್ರಶ್ನೆ. ಅದನ್ನೂ ಪಾಠ ಒಪ್ಪಿಸುವವನಂತೆ ಕೇಳಿದ. "ಹಿಂದೆ ಕಷ್ಟ ಬಂದಾಗ ಏನ್ ಮಾಡ್ತಿದ್ರಿ ಯಜಮಾನ್ರೇ?"

"ಹೊಲೀತಿದ್ದೆ," ಅಂದ ದರ್ಜಿ. "ನನ್ನವಳು ತೀರಿಕೊಂಡಾಗ ಒಂದು ವಾರ ಪೂರ್ತಿ ಹೊಲಿದೆ. ಯಾರೂ ಕೊಟ್ಟಿರಲಿಲ್ಲ, ಇದ್ದ ದಿಂಬಿನ ಚೀಲಾನೇ ಬಿಚ್ಚಿ ಹೊಲಿದೆ." ಹೇಳುತ್ತ ಅವನ ಕಣ್ಣು ಬ್ರದರಣ್ಣನ ಕಂಕುಳಿನ ಮೇಲೆ ನೆಟ್ಟಿತು. ಅದು ಹಸಿದವನು ಅನ್ನ ನೋಡುವ ನೋಟ.

ಬ್ರದರಣ್ಣನ ಚೀಲದಲ್ಲಿ ಸೂಜಿದಾರ ಇತ್ತು. ಹೆಂಡತಿ ಹಾಕಿ ಕಳಿಸಿದ್ದಳು, ಹೇಗೂ ಅಲ್ಲೇ ಸಂಸಾರ ಹೂಡಿದ್ದೀರಲ್ಲ, ಇದೂ ಅಲ್ಲೇ ಇರಲಿ ಎಂದು. ಅವನು ಕೋಟು ಬಿಚ್ಚಿ ಮುದುಕನ ಮಡಿಲಿಗೆ ಹಾಕಿದ. ವಾರ್ಡಿನಲ್ಲಿ ಬನಿಯನ್ನಿನಲ್ಲಿ ನಿಂತರೆ ದೊಡ್ಡ ಸಿಸ್ಟರು ಕೊಲ್ಲುತ್ತಾಳೆ ಎಂದು, ಒಗೆದು ಪೇರಿಸಿದ್ದ ರೋಗಿಗಳ ಹಸಿರು ಅಂಗಿಯೊಂದನ್ನು ತಲೆಯ ಮೇಲಿಂದ ಹಾಕಿಕೊಂಡ.

ಸೂಜಿ ಕೈಗೆ ಬಂದದ್ದೇ ಮುದುಕನ ಬೆನ್ನು ನೆಟ್ಟಗಾಯಿತು. ಮೊದಲು ಹಳೆಯ ಹೊಲಿಗೆಯನ್ನು ಬೈದ. ಇದನ್ನು ಹೊಲಿದವನು ದರ್ಜಿಯಲ್ಲ, ಗೋಣಿಚೀಲದವನು ಅಂದ. ಎದ್ದು ಹೋಗಿ ಗೋಡೆಯ ಫಲಕದಿಂದ ಗುಂಡುಸೂಜಿ ಕಿತ್ತು ತಂದ. ಅಲ್ಲಿ ಸಿಕ್ಕಿಸಿದ್ದ ಮನಸ್ಸನ್ನು ಹಗುರವಾಗಿಡಿ ಎಂಬ ದೊಡ್ಡ ಕಾಗದ ಕಳಚಿ ನೆಲಕ್ಕೆ ಬಿತ್ತು. ಅವನು ಹೊಲಿಯುತ್ತಿರುವಾಗಲೇ ಬ್ರದರಣ್ಣ ಮೆಲ್ಲಗೆ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ. ಇಳಿದಿತ್ತು. ಯಂತ್ರ ಕೆಟ್ಟಿರಬೇಕೆಂದು ಮತ್ತೆ ನೋಡಿದ. ಇನ್ನೂ ಇಳಿದಿತ್ತು. ಕಣ್ಣಿನ ವಿಭಾಗದ ಬಾಗಿಲು ಅವನ ಎದುರಿಗೆ ತಾನಾಗಿ ತೆರೆದುಕೊಂಡಂತಾಯಿತು. ಡಾಕ್ಟರಿಗೆ ಹೇಳಿ ಕಳಿಸಿದ. ಇನ್ನು ಮೇಡಂ ಬರುವುದೊಂದು ಬಾಕಿ. ಕೋಟು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಸೂಜಿ ಹಿಡಿದ ಈ ಮುದುಕನನ್ನು ತೋರಿಸಿದರಾಯಿತು.

ಆದರೆ ಮುದುಕ ಕೋಟು ಕೊಡಲಿಲ್ಲ. ಹೊಲಿದ ಬಟ್ಟೆಯನ್ನು ಮೈಮೇಲೆ ಹಾಕಿ ನೋಡದೆ ಕೈಗೆ ಕೊಡುವುದು ಅವನ ಅಂಗಡಿಯಲ್ಲಿ ಇಲ್ಲವಂತೆ. ಗಿರಾಕಿ ಸಿಗದಿದ್ದರೆ ತಾನೇ ಹಾಕಿ ನೋಡುತ್ತಾನಂತೆ. ಗಿರಾಕಿ ಎದುರಿಗೇ ಇದ್ದೇನಲ್ಲ ಎಂದು ಬ್ರದರಣ್ಣ ಎದೆ ತೋರಿಸಿದ. ನೀನು ನಿಂತಲ್ಲಿ ತೂಗಾಡ್ತಾ ಇದ್ದೀಯ ತಮ್ಮಾ, ತೂಗಾಡೋ ಮೈಗೆ ಅಳತೆ ಸಿಗಲ್ಲ, ಒಂದು ಗಳಿಗೆ ಇಲ್ಲಿ ಕೂತ್ಕೋ ಅಂದು ಮುದುಕ ತನ್ನ ಮಂಚದ ಮೇಲೆ ಅವನನ್ನು ಕೂರಿಸಿದ. ತಾನು ಕೋಟು ಹಾಕಿಕೊಂಡು, ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಸ್ಟೂಲಿನ ಮೇಲೆ ಕೂತ. ಬದಿಯನ್ನು ಚಿವುಟಿ ಚಿವುಟಿ ಒಂದೊಂದೇ ಸೂಜಿ ಚುಚ್ಚತೊಡಗಿದ.

ಮಂಚ ಬಹಳ ಮೋಸದ ವಸ್ತು. ನಿಂತಿರುವವರೆಗೆ ಮನುಷ್ಯನಿಗೆ ತಾನು ಎಷ್ಟು ಸುಸ್ತಾಗಿದ್ದೇನೆಂದು ತಿಳಿಯುವುದಿಲ್ಲ. ಬ್ರದರಣ್ಣ ಕೂತ, ಕೂತವನು ಒರಗಿದ, ಒರಗಿದವನ ಕಾಲು ತಾವಾಗಿ ಮೇಲೆ ಬಂದವು. ದರ್ಜಿ ಅವನನ್ನು ನೋಡಿದ. ಬ್ರದರಣ್ಣನ ಬೆರಳು ಹೊದಿಕೆಯ ಇನ್ನೊಂದು ಅಂಚನ್ನು ಮಡಿಸಿ ಚಿವುಟುತ್ತಿತ್ತು.

ದರ್ಜಿ ತುಟಿಯ ಸೂಜಿಗಳನ್ನು ತೆಗೆದ. ಬೆಳಿಗ್ಗೆಯಿಂದ ಕೇಳಿ ಕೇಳಿ ಅವನಿಗೂ ಪಾಠ ಬಂದಿತ್ತು. "ನಿಂದೆಷ್ಟು ತಮ್ಮಾ, ಹತ್ತಕ್ಕೆ?"

ಬ್ರದರಣ್ಣನ ನಾಲಿಗೆಯ ತುದಿಗೆ ಹತ್ತು ಬಂದಿತ್ತು. ಅಷ್ಟರಲ್ಲಿ ಮೂಲೆಯಿಂದ ಮೇಷ್ಟ್ರು ಒಮ್ಮೆ ಕೆಮ್ಮಿದರು. ಶಾಲೆಯಲ್ಲಿ ಇಂಥ ಕೆಮ್ಮಿಗೇ ಹೆದರಿ ಬೆಳೆದವನು ಅವನು.

"ಒಂಬತ್ತು," ಅಂದ.

ದರ್ಜಿ ಸೂಜಿಗಳನ್ನು ಮತ್ತೆ ಕಚ್ಚಿಕೊಂಡ. ಬ್ರದರಣ್ಣ ಶುರುಮಾಡಿದ. ನಾಯಿಯ ವಿಷಯ ಹೇಳಿದ. ಮನೆಗೆ ಹೋದಾಗ ತನ್ನ ಮಗು ತನಗೇ ಬನ್ನಿ ಕೂತ್ಕೊಳ್ಳಿ ಎಂದು ನೆಂಟರಿಗೆ ಹೇಳುವ ಹಾಗೆ ಹೇಳಿತು ಎಂದ. ಎತ್ತಿದ್ದು, ಇಳಿಸಿದ್ದು, ಒರೆಸಿದ್ದು, ನಿಂತೇ ಉಂಡದ್ದು, ನಡೆಯುತ್ತ ನಿದ್ದೆ ಮಾಡಿದ್ದು ಎಲ್ಲ ಹೇಳಿದ. ದರ್ಜಿ ನಡುವೆ ಬಾಯಿ ಹಾಕಲಿಲ್ಲ. ಬಾಯಿ ತೆರೆದರೆ ಸೂಜಿ ಗಂಟಲಿಗೆ ಇಳಿಯುತ್ತಿತ್ತು. ಊಂ ಅನ್ನುವುದು, ತಲೆ ಆಡಿಸುವುದು, ಇಷ್ಟೇ. ಹೀಗೆ ಅಡ್ಡ ಬಾಯಿ ಹಾಕದೆ ಕೇಳುವ ಮನುಷ್ಯ ಬ್ರದರಣ್ಣನಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

"ನಮ್ಮ ದೊಡ್ಡ ಸಿಸ್ಟರ್‌ಗೆ ನನ್ನ ನೋಡಿದ್ರೆ ಮನುಷ್ಯ ಕಾಣೋದೇ ಇಲ್ಲ, ಯಜಮಾನ್ರೇ. ಖಾಲಿ ಪಾಳಿ ಕಾಣುತ್ತೆ. ಇಲ್ಲಿಂದ ನನ್ನ ಬಿಡಿಸಿಬಿಡಿ ಸಾಕು."

ದರ್ಜಿ ಇನ್ನೊಮ್ಮೆ ಸೂಜಿ ತೆಗೆದ. "ಹಿಂದೆ ಕಷ್ಟ ಬಂದಾಗ ಏನ್ ಮಾಡ್ತಿದ್ದೆ?"

"ನಿದ್ದೆ," ಅಂದ ಬ್ರದರಣ್ಣ. ಅವನ ಕಣ್ಣಿಂದ ಗಳಗಳ ನೀರು ಬಂತು. ಮುದುಕ ಒಂದು ಕೈಯಲ್ಲಿ ಸೂಜಿ ಚುಚ್ಚುತ್ತ ಇನ್ನೊಂದು ಕೈಯನ್ನು ಅವನ ಹಣೆಯ ಮೇಲಿಟ್ಟ.

ಮೇಲಿನ ಕಚೇರಿಯ ಮೇಡಂ, ದರ್ಜಿ ಮೊದಲ ಪ್ರಶ್ನೆ ಕೇಳುವ ಹೊತ್ತಿಗೇ ಬಂದು ಬಾಗಿಲಲ್ಲಿ ನಿಂತಿದ್ದರು. ಮುಂಬಾಗಿಲಲ್ಲಿ ಸಿಸ್ಟರುಗಳು ಸಾಲಾಗಿ ನಿಂತಿರುತ್ತಾರೆ, ಅಲ್ಲಿ ನಿಜ ಕಾಣುವುದಿಲ್ಲ ಎಂದು ಅವರು ಅಡುಗೆಮನೆಯ ಕಡೆಯಿಂದ ಬಂದಿದ್ದರು. ನಿಜ ಅವರಿಗೆ ಕಂಡದ್ದು ಹೀಗೆ. ಬಿಳಿ ಕೋಟಿನ, ನರೆತ ಕೂದಲಿನ, ಹಿರಿಯ ನರ್ಸೊಬ್ಬ ಸ್ಟೂಲಿನ ಮೇಲೆ ರೋಗಿಯ ಕಣ್ಣಿನ ಮಟ್ಟಕ್ಕೆ ಕೂತಿದ್ದಾನೆ. ಹೆದರಬೇಡ ಅನ್ನುತ್ತಿಲ್ಲ, ಉಪದೇಶ ಮಾಡುತ್ತಿಲ್ಲ. ತುಟಿ ಬಿಗಿಹಿಡಿದು ಕೇಳುತ್ತಿದ್ದಾನೆ. ಎರಡೇ ಪ್ರಶ್ನೆ, ಎರಡೂ ತಕ್ಕ ಹೊತ್ತಿನಲ್ಲಿ. ರೋಗಿಯ ಮಾತಿನಲ್ಲಿ ಬಾಗಿಲವರೆಗೆ ಕೇಳಿಸಿದ್ದು ಒಂಬತ್ತು ಎಂಬುದೊಂದೇ, ಮಿಕ್ಕದ್ದು ಬರೀ ಗೊಣಗು. ಕೋಟಿನ ಕೆಳಗೆ ಹಸಿರು ಇಣುಕುತ್ತಿದೆ, ಪಾಪ ಆಪರೇಷನ್ ಕೋಣೆಯಿಂದ ನೇರ ಓಡಿ ಬಂದಿರಬೇಕು. ಹಸಿರು ಅಂಗಿಯ ರೋಗಿ ಅವನೆದುರು ಮಗುವಿನ ಹಾಗೆ ಅಳುತ್ತಿದ್ದಾನೆ.

ಮೇಡಂ ಕಣ್ಣೊರೆಸಿಕೊಂಡು ಒಳಗೆ ಬಂದರು. ದರ್ಜಿಯ ಭುಜದ ಮೇಲೆ ಕೈಯಿಟ್ಟು, ಬ್ರದರ್, ಇಷ್ಟು ವರ್ಷದಲ್ಲಿ ಇಂಥ ಕಿವಿ ನಾನು ನೋಡಿರಲಿಲ್ಲ ಅಂದರು. ದರ್ಜಿ ಊಂ ಅಂದ.

ಬ್ರದರಣ್ಣ ದಡಕ್ಕನೆ ಎದ್ದು ಕೂತ. "ಮೇಡಂ, ಬ್ರದರ್ ನಾನು. ಇವರು ರೋಗಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೇಡಂ ಒದೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಬಹಳ ಅಕ್ಕರೆಯಿಂದ ಅವನ ಕೈ ಹಿಡಿದು, ಹೌದಪ್ಪಾ, ನೀನೇ ಬ್ರದರ್, ಈಗ ಮಲಕ್ಕೋ ಅಂದರು. ಭಾರ ಹೆಚ್ಚಾದಾಗ ಹೀಗೆಲ್ಲ ಅನ್ನಿಸುವುದು ಸಹಜ ಎಂದು ದರ್ಜಿಗೆ ಮೆಲ್ಲಗೆ ಹೇಳಿದರು. ದರ್ಜಿ ಗಾಬರಿಯಿಂದ ತಲೆ ಅಲ್ಲಾಡಿಸಿದ. ಎಡಬಲಕ್ಕೆ ಆಡಿಸಿದನೋ ಮೇಲೆ ಕೆಳಗೆ ಆಡಿಸಿದನೋ, ಮೇಡಂಗೆ ಒಪ್ಪಿದ ಹಾಗೇ ಕಂಡಿತು.

ಬ್ರದರಣ್ಣ ವಾರ್ಡಿನ ಕಡೆ ನೋಡಿದ. ಹೇಳಿ ಸಾಹುಕಾರ್ರೇ, ನಾನ್ಯಾರು ಹೇಳಿ ಎಂದು ಬೇಡಿದ. ಸಾಹುಕಾರ ವ್ಯಾಪಾರಿ, ಯಾವ ಸತ್ಯಕ್ಕೆ ಯಾವ ಬೆಲೆ ಎಂದು ತಿಳಿಯದೆ ಬಾಯಿಬಿಡುವವನಲ್ಲ. ಬೆಳಿಗ್ಗೆಯಿಂದ ನಮ್ಮನ್ನೆಲ್ಲ ಎತ್ತಿ ಇಳಿಸಿದ್ದೇನೋ ಇವರೇ, ಆದರೆ ದೊಡ್ಡವರು ನೀವು ಹೇಳಿದ ಮೇಲೆ ನಂದೇನು ಅಂದ. ಮೇಷ್ಟ್ರು ಸತ್ಯವಂತರು. ಅವರಿಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಅಭ್ಯಾಸ, ಅವರನ್ನು ಯಾರೂ ಕೇಳಲಿಲ್ಲ. ಮೇಡಂ ಒಬ್ಬ ಆಯಾಳನ್ನು ಕರೆದು, ಈ ರೋಗಿಗೆ ನಿದ್ದೆಗೆ ಏನಾದರೂ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿಕೊಂಡು ಬಾ ಅಂದರು. ಬ್ರದರಣ್ಣನಿಗೆ ಒಂದು ಕ್ಷಣ, ಸುಮ್ಮನೆ ಒಪ್ಪಿಕೊಂಡುಬಿಡಲೇ ಅನ್ನಿಸಿತು.

ಅಷ್ಟರಲ್ಲಿ ಕಾರು ಬಂದು ಖಾಲಿ ನಿಂತಿರುವುದನ್ನು ಕಂಡ ದೊಡ್ಡ ಸಿಸ್ಟರು ಏದುಸಿರು ಬಿಡುತ್ತ ಓಡಿಬಂದಳು. ಮಂಚದ ಮೇಲೆ ಹಸಿರಂಗಿಯಲ್ಲಿ ತನ್ನ ನರ್ಸು. ಸ್ಟೂಲಿನ ಮೇಲೆ ಬಿಳಿ ಕೋಟಿನಲ್ಲಿ ತನ್ನ ಹರ್ನಿಯಾ. ಅವಳು ಗೋಡೆ ಹಿಡಿದುಕೊಂಡಳು. ದರ್ಜಿ ಕೊನೆಗೂ ಸೂಜಿಗಳನ್ನೆಲ್ಲ ಅಂಗೈಗೆ ಉಗುಳಿ, ತಾನು ದರ್ಜಿಯೆಂದೂ, ಮಾತಾಡದಿದ್ದದ್ದು ಸೂಜಿಯಿಂದೆಂದೂ, ಕೇಳಿದ ಪ್ರಶ್ನೆಗಳೆಲ್ಲ ಈ ತಮ್ಮನವೇ ಎಂದೂ, ತನ್ನ ಬಿಪಿ ಇಳಿಸಿದವನು ಇವನೇ ಎಂದೂ ಒಂದೇ ಉಸಿರಿಗೆ ಹೇಳಿದ.

ವಾರ್ಡು ಉಸಿರು ಬಿಗಿಹಿಡಿಯಿತು. ಮೇಡಂಗೆ ಸಿಟ್ಟು ಬರುತ್ತದೆಂದು ಎಲ್ಲರೂ ಕಾದರು. ಅವರು ಖಾಲಿ ಮಂಚವೊಂದರ ತುದಿಯಲ್ಲಿ ಕೂತುಕೊಂಡರು, ಅವರಿಗೂ ಕಾಲು ನೋಯುತ್ತಿತ್ತೋ ಏನೋ.

"ಊರ ತುಂಬ ರೋಗಿಗಳ ಭಾರ ಕೇಳ್ಕೊಂಡು ತಿರುಗ್ತೀನಿ," ಅಂದರು. "ಅವರನ್ನ ಹೊರೋರ ಭಾರ ಎಷ್ಟು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇವತ್ತು ಒಬ್ಬ ದರ್ಜಿ ಕೇಳಬೇಕಾಯ್ತು. ಇನ್ನು ಮೇಲೆ ಕಣ್ಣಿನ ವಿಭಾಗ ಚೆನ್ನಾಗಿ ಮಾಡಿ ತೋರಿಸಿದೋರಿಗೆ ಅಲ್ಲ. ಈ ವಾರ್ಡಲ್ಲಿ ಯಾರ ಭಾರ ಹೆಚ್ಚೋ ಅವರಿಗೆ. ನಿಂದು ಒಂಬತ್ತು ಅಂದೆ ಅಲ್ವೇನಪ್ಪಾ?"

ಒಂಬತ್ತು ಎಂದು ಇಡೀ ವಾರ್ಡು ಸಾಕ್ಷಿ ಹೇಳಿತು. ಸಾಹುಕಾರನಂತೂ ಒಂಬತ್ತಕ್ಕೆ ಕಾಸೂ ಕಮ್ಮಿ ಇಲ್ಲ ಅಂದ. ಬ್ರದರಣ್ಣನ ಕಿವಿಯಲ್ಲಿ ಬೀದಿಯ ನಾಯಿ ಬಾಲ ಬಡಿಯುವ ಸದ್ದು ಕೇಳಿಸಿತು. ಸಂಜೆ ಬಾಗಿಲು ಹಾಕುವ ಬೀಗದ ಕೈ ಬೆರಳಿಗೆ ತಾಗಿದಂತಾಯಿತು.

ಮೇಡಂ ಹೊರಡಲು ಎದ್ದರು. ಎದ್ದವರು, ಕೇಳಿದ ಹಾಗಾಗಲಿ ಎಂದು, ದೊಡ್ಡ ಸಿಸ್ಟರ ಕಡೆ ತಿರುಗಿ ನಿಮ್ಮದೆಷ್ಟಮ್ಮಾ ಅಂದರು.

ದೊಡ್ಡ ಸಿಸ್ಟರು ಏನೋ ಹೇಳಲು ಬಾಯಿ ತೆರೆದಳು. ಅವಳ ಕಣ್ಣು ಮೇಜಿನ ಮೇಲಿದ್ದ ಬೆಳಗಿನ ಚಹಾದ ಮೇಲೆ ಹೋಯಿತು, ಕೆನೆಯ ಮೇಲೆ ನೊಣ ಕೂತಿತ್ತು. ಅದನ್ನೇ ನೋಡುತ್ತ ನೋಡುತ್ತ ಅವಳು ಅಳತೊಡಗಿದಳು.

"ಹತ್ತು," ಅಂದಳು.

ಮೂಲೆಯಿಂದ ಮೇಷ್ಟ್ರು ಆಕ್ಷೇಪಣೆ ಎತ್ತಿದರು. ಹತ್ತಕ್ಕೆ ಹತ್ತು ಯಾರಿಗೂ ಕೊಡುವ ಹಾಗಿಲ್ಲ ಅಂದರು. ಈ ಪರೀಕ್ಷೆಯಲ್ಲಿ ಅವರವರೇ ಅಂಕ ಕೊಟ್ಟುಕೊಳ್ಳಬೇಕು ಮೇಷ್ಟ್ರೇ, ತಿದ್ದುವ ಹಾಗಿಲ್ಲ ಎಂದು ಮೇಡಂ ತೀರ್ಪು ಕೊಟ್ಟರು. ನಾಳೆಯಿಂದ ದೊಡ್ಡ ಸಿಸ್ಟರು ಕಣ್ಣಿನ ವಿಭಾಗಕ್ಕೆ. ಅವಳ ಜಾಗ ತುಂಬುವವರೆಗೆ ವಾರ್ಡಿನ ಯಜಮಾನಿಕೆಯೂ ಬ್ರದರ್‌ಗೇ ಇರಲಿ, ಇಷ್ಟು ಚೆನ್ನಾಗಿ ಕೇಳಲು ಬರುವವನು ಬೇರೆ ಯಾರಿದ್ದಾರೆ ಅಂದರು. ಹೋಗುವ ಮುಂಚೆ, ಸಿಸ್ಟರನ್ನು ಹೀಗೆ ಅಳುತ್ತ ಬಿಟ್ಟು ಹೋಗಲು ತನಗೆ ಮನಸ್ಸಿಲ್ಲ, ಸ್ವಲ್ಪ ಪಕ್ಕದಲ್ಲಿ ಕೂತುಕೋ ಎಂದು ಬ್ರದರಣ್ಣನಿಗೇ ಒಪ್ಪಿಸಿದರು.

ಒಂದೇ ಮಾರ್ಕಿನಲ್ಲಿ ಹೋಯಿತಲ್ಲೋ ಎಂದು ಮೇಷ್ಟ್ರು ಮರುಗಿದರು. ಬ್ರದರಣ್ಣ ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಆ ಕಲ್ಲಿನ ಡಬ್ಬಿ ಎಲ್ಲಿಗೆ ಹೋಗುತ್ತಿತ್ತೋ ಹೇಳಲಾಗದು.

ಡಾಕ್ಟರ ಕಡೆಯವರು ಗಾಲಿಮಂಚ ತರುವ ಹೊತ್ತಿಗೆ ದರ್ಜಿ ಕೋಟು ಬಿಚ್ಚಿ, ಗುಂಡುಸೂಜಿ ಚುಚ್ಚಿದ ಗುರುತಿಗೆ ಹೊಲಿಗೆ ಹಾಕಿ ಮುಗಿಸಿದ್ದ. ಕೊನೆಯ ದಾರ ಹಲ್ಲಿನಲ್ಲಿ ಕಡಿದು, ಕೋಟನ್ನು ಬ್ರದರಣ್ಣನ ಕೈಗೆ ಕೊಟ್ಟು, ಹೂ ಬಿಟ್ಟ ಮುಖದಲ್ಲಿ ಮಲಗಿ ಹೋದ. ಕೋಟನ್ನು ಹಾಕಿಕೊಂಡ ಮೇಲೆ ಗೊತ್ತಾಯಿತು, ಮುದುಕ ಅದನ್ನು ತನ್ನ ಬಡಕಲು ಮೈಗೆ ಸರಿಯಾಗಿ ಒಳಗೆ ಹಿಡಿದು ಹೊಲಿದಿದ್ದ. ಗುಂಡಿಗಳು ಕಾಜಾಗಳನ್ನು ದೂರದಿಂದಲೇ ನೋಡುತ್ತಿದ್ದವು.

ಬ್ರದರಣ್ಣ ಹೇಗೋ ಎಳೆದು ಗುಂಡಿ ಹಾಕಿದ. ಸ್ಟೂಲನ್ನು ಎಳೆದುಕೊಂಡು ದೊಡ್ಡ ಸಿಸ್ಟರ ಕಣ್ಣಿನ ಮಟ್ಟಕ್ಕೆ ಕೂತ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೆದರಬೇಡಿ ಅನ್ನಬಾರದಾದ್ದರಿಂದ ಅವನು ಅನ್ನಲಿಲ್ಲ. ಬಾಕಿ ಇದ್ದದ್ದು ಅದೇ ಒಂದು ಪ್ರಶ್ನೆ.

"ಹಿಂದೆ ಕಷ್ಟ ಬಂದಾಗ ಏನ್ ಮಾಡ್ತಿದ್ರಿ, ಅಕ್ಕಾ?"

ಅವಳು ಮೂಗು ಒರೆಸಿಕೊಂಡು, ನಿಜವಾಗಿಯೂ ನೆನಪು ಮಾಡಿಕೊಂಡು ಹೇಳಿದಳು.

"ನಿನಗೆ ಇನ್ನೊಂದು ಪಾಳಿ ಹಾಕ್ತಿದ್ದೆ."

ಹೇಳಿ ಮುಗಿಸಿದ ಮೇಲೆ ಅವಳ ಮುಖ ಎಷ್ಟೋ ಹಗುರವಾಯಿತು. ಸಂಜೆ ಬದಲಿಯವನು ಬರುವುದಿಲ್ಲವೆಂದು ಖಾತ್ರಿಯಾಯಿತೆಂದೂ ಸೇರಿಸಿದಳು.

ಬ್ರದರಣ್ಣ ತಾನೇ ಕಲಿಸಿದ ಉಪಾಯವನ್ನು ನೆನೆದು, ಮೂಗಿನಲ್ಲಿ ಮೆಲ್ಲಗೆ ಉಸಿರು ಎಳೆದುಕೊಂಡ. ಎದೆ ತುಂಬ ಎಳೆದುಕೊಂಡ. ಎಡಗಂಕುಳು ಪರ್ರೆಂದಿತು. ದರ್ಜಿಯನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿಯಾಗಿತ್ತು.